ಇಪ್ಪತ್ತು ಎಂ.ಎಲ್.ಗೆ ಒಂದು ಕೊಸರು

ದ್ರವ ಪದಾರ್ಥ ತಾನಾಗಿ ಯಾವತ್ತೂ ತಮಾಷೆ ಮಾಡೋದಿಲ್ಲ. ಬಗ್ಗಿಸಿದ ಕಡೆ ಬಗ್ಗುತ್ತೆ, ಬಿಟ್ಟ ಕಡೆ ಬೀಳುತ್ತೆ. ಅದನ್ನ ಅಳೆಯೋಕೆ ಮನುಷ್ಯ ಕೈ ಹಾಕಿದ ಅಂದ್ಕೊಳ್ಳಿ, ಏನಾದರೊಂದು ಆಗೇ ಆಗುತ್ತೆ. ಮೊದಲು ಮೊಳಕಾಲ್ಮುರಿನಲ್ಲಿ, ಆಮೇಲೆ ಚಳ್ಳಕೆರೆಯಲ್ಲಿ, ಸರ್ವೀಸು ಪೂರ್ತಿ ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಪ್ರಾಕ್ಟಿಕಲ್ ಮಾಡಿಸಿದವನು ನಾನು. ಆಗಿದ್ದನ್ನೆಲ್ಲ ಕಣ್ಣಾರೆ ಕಂಡಿದ್ದೀನಿ. ರಿಟೈರಾದ ಮೇಲೆ ಮನೇಲಿ ಇದನ್ನೆಲ್ಲ ಹೇಳೋಕೆ ಶುರು ಮಾಡಿದರೆ ನಮ್ಮ ಮನೆಯವರು ಒಲೆ ಮೇಲೆ ಏನೋ ಇಟ್ಟಿದ್ದೀನಿ ಅಂತ ಎದ್ದು ಹೋಗ್ತಾರೆ. ಒಲೆ ಮೇಲೆ ಏನೂ ಇರೋದಿಲ್ಲ, ಹೋಗಿ ನೋಡಿದ್ದೀನಿ. ಅದಕ್ಕೇ ಬರೆಯೋಕೆ ಕೂತೆ.

ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ. ಈ ಪ್ರಸಂಗಗಳ ಹಿಂದೆ ಒಂದು ಪಂದ್ಯ ಇದೆ. ಪಂದ್ಯ ನನಗೂ ನಮ್ಮ ಚಳ್ಳಕೆರೆ ಲ್ಯಾಬಿನ ಅಟೆಂಡರಿಗೂ. ಪಣಕ್ಕಿಟ್ಟಿದ್ದು ಮೀಸೆ. ನನ್ನದೂ ಸಾಮಾನ್ಯ ಮೀಸೆ ಅಲ್ಲ, ಅವರದ್ದೂ ಅಲ್ಲ.

೧. ಚುಕ್ಕ

ಪಂದ್ಯಕ್ಕೂ ಮುಂಚಿನ ಮಾತು. ಮೊಳಕಾಲ್ಮುರಿಗೆ ಹೊಸದಾಗಿ ಹೋಗಿದ್ದೆ. ಅಲ್ಲಿ ಆಂಧ್ರದ ಗಡಿ ಕೂಗಳತೆಯಲ್ಲಿದೆ. ಮಕ್ಕಳು ಕ್ಲಾಸಲ್ಲಿ ಕನ್ನಡ, ಗಾಬರಿ ಆದಾಗ ತೆಲುಗು. ನನಗೆ ತೆಲುಗು ಅಂದರೆ 'ಏಮಿ', 'ಲೇದು' ಅಷ್ಟೇ.

ಟೈಟ್ರೇಷನ್ ನಡೀತಿತ್ತು. ಅಂದರೆ ಬ್ಯುರೆಟ್ ಅನ್ನೋ ಉದ್ದನೆ ಗಾಜಿನ ಕೊಳವೆಯಿಂದ ಕೆಳಗಿನ ಫ್ಲಾಸ್ಕಿಗೆ ಹನಿ ಹನಿಯಾಗಿ ದ್ರಾವಣ ಬಿಡೋದು. ಬಣ್ಣ ತಿಳಿಗುಲಾಬಿಗೆ ತಿರುಗಿದ ಕ್ಷಣ ನಿಲ್ಲಿಸಬೇಕು. ಒಂದು ಹನಿ ಹೆಚ್ಚಾದರೆ ಕಡು ಗುಲಾಬಿ, ಮಾಡಿದ್ದೆಲ್ಲ ವ್ಯರ್ಥ. ಮೂಲೆಯಿಂದ ಒಬ್ಬ ಹುಡುಗ ಕೂಗಿದ:

"ಸಾರ್! ಒಕ ಚುಕ್ಕ ಎಕ್ಕುವ ಪಡಿಂದಿ ಸಾರ್!"

ನಾನು ಇನ್ನೊಬ್ಬನ ರೆಕಾರ್ಡ್ ಪುಸ್ತಕ ತಿದ್ದುತಾ ಇದ್ದೆ. ಚುಕ್ಕ ಅಂದನಲ್ಲ, ಪುಸ್ತಕದಲ್ಲಿ ಎಲ್ಲೋ ಒಂದು ಚುಕ್ಕೆ ಜಾಸ್ತಿ ಇಟ್ಟಿರಬೇಕು ಅಂದ್ಕೊಂಡೆ. ತೆಲುಗಿನಲ್ಲಿ ಚುಕ್ಕ ಅಂದರೆ ಹನಿ, ಒಂದು ಹನಿ ಹೆಚ್ಚಾಗಿ ಬಿತ್ತು ಅಂತ ಅವನು ಕೂಗಿದ್ದು ಅನ್ನೋದು ನನಗೇನು ಗೊತ್ತು?

"ಅಷ್ಟಕ್ಕೆ ಯಾಕೋ ಹಂಗೆ ಅರಚ್ತೀಯಾ? ರಬ್ಬರ್ ತಗೊಂಡು ತೆಗಿ" ಅಂದೆ, ತಲೆ ಎತ್ತದೆ.

ಹುಡುಗ ವಿನಯವಂತ. ನಮ್ಮ ಲ್ಯಾಬಲ್ಲಿ ಪಿಪೆಟ್ ಅನ್ನೋ ಅಳತೆ ಕೊಳವೆಗೆ ದ್ರಾವಣ ಎಳೆಯೋಕೆ ರಬ್ಬರ್ ಬಲ್ಬು ಇರ್ತಿತ್ತು. ಅದನ್ನ ಪಿಪೆಟ್‌ಗೆ ಸಿಕ್ಕಿಸಿ, ಫ್ಲಾಸ್ಕಿನೊಳಗೆ ಇಳಿಬಿಟ್ಟು, ಗುಲಾಬಿ ನೀರನ್ನ ಎಳೆಯೋದು, ಬೆಳಕಿಗೆ ಹಿಡಿದು ನೋಡೋದು, ವಾಪಸ್ ಬಿಡೋದು, ಮತ್ತೆ ಎಳೆಯೋದು. ಕಾಲು ಗಂಟೆ ಆಯ್ತು. ನಾನು ಹೋಗಿ ಕೇಳಿದೆ, "ಏನಲೇ ಮಾಡ್ತಿದೀಯಾ?"

ಬೆವರು ಒರೆಸ್ಕೊಂಡು ಅಂದ: "ಆ ಚುಕ್ಕನ್ನೇ ಹುಡುಕ್ತಾ ಇದೀನಿ ಸಾರ್. ಎಲ್ಲಾ ಒಂದೇ ಥರ ಕಾಣ್ತಾ ಐತೆ."

೨. ಕೊಸರು

ಚಳ್ಳಕೆರೆಗೆ ವರ್ಗವಾಯಿತು. ಈ ಊರಿನ ಬಗ್ಗೆ ಹೆಚ್ಚು ಹೇಳೋದೇನಿದೆ, ಬಸ್ಸಿಂದ ಇಳಿದರೆ ಶೇಂಗಾ ಎಣ್ಣೆ ವಾಸನೆ ಮೂಗಿಗೆ ಬಂದು ನಮಸ್ಕಾರ ಹೇಳುತ್ತೆ. ಕ್ಲಾಸಲ್ಲಿ ಅರ್ಧ ಮಕ್ಕಳು ಎಣ್ಣೆ ಮಿಲ್ಲು, ಎಣ್ಣೆ ಅಂಗಡಿ ಮನೆತನದವರು. ಅಳತೆ ಅನ್ನೋದನ್ನ ನನಗಿಂತ ಮೊದಲೇ ಕಲಿತು ಬಂದವರು. ತೊಂದರೆ ಅಲ್ಲೇ ಇತ್ತು.

ಮೊದಲ ಪ್ರಾಕ್ಟಿಕಲ್. ಪಿಪೆಟ್‌ನಲ್ಲಿ ಇಪ್ಪತ್ತು ಎಂ.ಎಲ್. ತಗೊಂಡು ಫ್ಲಾಸ್ಕಿಗೆ ಬಿಡಿ ಅಂದೆ. ಒಬ್ಬ ಹುಡುಗಿ ಗೀಟಿಗೆ ಸರಿಯಾಗಿ ತುಂಬಿ, ನೀಟಾಗಿ ಬಿಟ್ಟಳು. ಪಿಪೆಟ್‌ನ ತುದಿಯಲ್ಲಿ ಒಂದು ಹನಿ ಉಳಿಯಿತು. ಆ ಹನಿ ಉಳೀಲೇಬೇಕು. ಪಿಪೆಟ್ ಮಾಡಿದವರು ಆ ಹನಿಯನ್ನ ಬಿಟ್ಟೇ ಇಪ್ಪತ್ತರ ಗೀಟು ಹಾಕಿರ್ತಾರೆ. ಈಕೆ 'ಫೂ' ಅಂತ ಊದಿ ಅದನ್ನೂ ಬೀಳಿಸಿದಳು. ಹೋಗಲಿ ಅಂದ್ಕೊಳ್ಳುವಷ್ಟರಲ್ಲಿ ಮತ್ತೆ ಪಿಪೆಟ್ ಅದ್ದಿ, ಇನ್ನೊಂದು ಚೂರು ತಗೊಂಡು ಫ್ಲಾಸ್ಕಿಗೆ ಸುರಿದಳು.

"ಏನಮ್ಮಾ ಅದು?"

"ಕೊಸರು ಸಾರ್."

"ಯಾರಿಗೆ ಕೊಸರು?"

"ಫ್ಲಾಸ್ಕಿಗೆ ಸಾರ್. ಬರೀ ಇಪ್ಪತ್ತು ಹಾಕಿ ಕೈ ಎತ್ತಿದ್ರೆ ಏನ್ ಚೆನ್ನಾಗಿರ್ತದೆ ಸಾರ್? ಜಿಪುಣರು ಅಂತಾರೆ."

ಸುತ್ತ ನೋಡಿದೆ. ಎಲ್ಲ ಟೇಬಲ್ಲಿನಲ್ಲೂ ಅಳತೆ ಆದ ಮೇಲೆ ಒಂದೊಂದು ಚೂರು ಧಾರಾಳವಾಗಿ ಬೀಳ್ತಾ ಇತ್ತು. ನಾನು ತಲೆ ಮೇಲೆ ಕೈ ಹೊತ್ತೆ. ಬಾಗಿಲ ಹತ್ತಿರ ನಿಂತಿದ್ದ ಅಟೆಂಡರ್ ಮೀಸೆ ಅಡಿಯಲ್ಲೇ ನಗ್ತಿದ್ದರು. ನನಗಿಂತ ಎರಡು ವರ್ಷಕ್ಕೆ ಚಿಕ್ಕವರು, ಆ ಲ್ಯಾಬಿನ ಗಾಜಿಗೆಲ್ಲ ಅವರೇ ಹೆತ್ತತಾಯಿ.

"ಸಾರ್, ಇದು ಎಣ್ಣೆ ಊರು. ಕೊಸರಿಲ್ದಿದ್ರೆ ಇಲ್ಲಿ ಅಳತೇನೇ ಅಲ್ಲ. ನಿಮಗಿಂತ ಮುಂಚೆ ಬಂದೋರೆಲ್ಲ ಬಡ್ಕೊಂಡು ಬಡ್ಕೊಂಡು ಹೋದ್ರು."

ನನಗೆ ರೋಷ ಬಂತು. "ನಾನು ಬಿಡಿಸ್ತೀನಿ ನೋಡ್ರಿ."

"ಬಿಡಿಸ್ತೀರಾ? ಹಂಗಾದ್ರೆ ಮಾತಾಗ್ಲಿ. ನೀವು ರಿಟೈರ್ ಆಗೋದ್ರೊಳಗೆ ಒಂದು ದಿನ, ಒಂದೇ ಒಂದು ದಿನ, ಈ ಲ್ಯಾಬಲ್ಲಿ ಬೆಳಿಗ್ಗಿಂದ ಪ್ರಾಕ್ಟಿಕಲ್ ಮುಗಿಯೋ ತನಕ ಯಾರ ಕೈಯಿಂದ್ಲೂ ಕೊಸರು ಬೀಳ್ದಿದ್ರೆ ನನ್ನ ಮೀಸೆ ತೆಗೆಸ್ತೀನಿ. ಆಗ್ಲಿಲ್ಲ ಅಂದ್ರೆ ನಿಮ್ದು."

"ಯಾರ ಕೈಯಿಂದಲೂ?"

"ಯಾರ ಕೈಯಿಂದ್ಲೂ."

ಕೈ ಕೊಟ್ಟೆ. ಅವರು ಕೈ ಕುಲುಕಿದರು. ಆಮೇಲೆ ಇನ್ನೊಂದು ಸಲ ಕುಲುಕಿದರು.

"ಇದ್ಯಾಕ್ರೀ?" ಅಂದೆ.

"ಕೊಸರು ಸಾರ್."

೩. ರೀಡಿಂಗು

ಅಳತೆ ನೋಡುವಾಗ ಕಣ್ಣು ದ್ರವದ ಮಟ್ಟಕ್ಕೇ ಇರಬೇಕು. ಮೇಲಿಂದ ನೋಡಿದರೆ ಒಂದು, ಕೆಳಗಿಂದ ನೋಡಿದರೆ ಇನ್ನೊಂದು ಕಾಣುತ್ತೆ. ಕೊಸರು ಬಿಡಿಸೋ ನನ್ನ ಹೋರಾಟ ಇಲ್ಲಿಂದಲೇ ಶುರುವಾಯ್ತು. ಕಣ್ಣು ನೆಟ್ಟಗಾದರೆ ಕೈ ನೆಟ್ಟಗಾಗುತ್ತೆ ಅನ್ನೋದು ನನ್ನ ಲೆಕ್ಕ. ನಮ್ಮ ಟೇಬಲ್ಲುಗಳೋ ಕುಳ್ಳು. ಮಕ್ಕಳು ಮಂಡಿ ಬಗ್ಗಿಸಿ, ಅರ್ಧ ಕೂತು ಅರ್ಧ ನಿಂತು ನೋಡಬೇಕಿತ್ತು.

ಒಂದಿನ ಇಡೀ ಬ್ಯಾಚು ಹಾಗೇ ಮಂಡಿ ಬಗ್ಗಿಸಿ, ಒಂದು ಕಣ್ಣು ಮುಚ್ಚಿ, ಮೂಗನ್ನ ಬ್ಯುರೆಟ್‌ಗೆ ಆನಿಸಿಕೊಂಡು ನಿಂತಿದೆ. ನಾನು "ಏಳಬೇಡಿ, ಇನ್ನೂ ನೋಡಿ, ಸರಿಯಾಗಿ ನೋಡಿ" ಅಂತ ನಡುವೆ ಓಡಾಡ್ತಿದ್ದೀನಿ. ಹಿಂದಿನ ಬೆಂಚಿನವನೊಬ್ಬ "ಅವ್ವಾ, ತೊಡೆ ಹಿಡ್ಕೊಂಡ್ವು" ಅಂತ ನರಳ್ತಿದ್ದಾನೆ. ಅದೇ ಹೊತ್ತಿಗೆ ಪ್ರಿನ್ಸಿಪಾಲರು ಒಳಗೆ ಬಂದರು. ಅವರು ಇತಿಹಾಸದವರು, ಲ್ಯಾಬಿಗೆ ಕಾಲಿಟ್ಟಿದ್ದೇ ಅಪರೂಪ.

"ಏನ್ರೀ ಇದು ಅನ್ಯಾಯ! ಇಷ್ಟೂ ಮಕ್ಕಳಿಗೆ ಬಸ್ಕಿ ಹೊಡೆಸ್ತಿದೀರಲ್ಲ, ಯಾರಾದ್ರೂ ತಂದೆತಾಯಿ ಬಂದು ಕೇಳಿದ್ರೆ?"

"ಬಸ್ಕಿ ಅಲ್ಲ ಸಾರ್, ರೀಡಿಂಗ್ ಮಾಡ್ತಿದಾರೆ."

ಪ್ರಿನ್ಸಿಪಾಲರು ಮಕ್ಕಳನ್ನ ಒಂದು ಸುತ್ತು ನೋಡಿ, ನನ್ನನ್ನ ನೋಡಿ ಅಂದರು: "ನಮ್ಮ ಕಾಲದಲ್ಲಿ ರೀಡಿಂಗು ಕೂತ್ಕೊಂಡು ಮಾಡ್ತಿದ್ವಪ್ಪ."

೪. ಮೀಸೆಕಸ

ಗಾಜಿನ ಕೊಳವೆಯಲ್ಲಿ ನೀರು ಸಮತಟ್ಟಾಗಿ ನಿಲ್ಲೋದಿಲ್ಲ. ಅಂಚಲ್ಲಿ ಮೇಲೆದ್ದು, ನಡುವೆ ಬಾಗಿರುತ್ತೆ. ಆ ಬಾಗಿಗೆ ಇಂಗ್ಲಿಷಿನಲ್ಲಿ ಮೆನಿಸ್ಕಸ್ ಅಂತಾರೆ. ನಮ್ಮ ಅಟೆಂಡರ ಬಾಯಲ್ಲಿ ಅದು ಮೀಸೆಕಸ. ನಾನು ತಿದ್ದೋಕೆ ಹೋದರೆ, "ಸಾರ್, ನೋಡೋಕೆ ಮೀಸೆ ಥರಾನೇ ಐತಲ್ಲ, ಹೆಸರೂ ಸರಿಯಾಗೇ ಐತೆ" ಅನ್ನೋರು. ನಾನಿಲ್ಲದಾಗ ಮಕ್ಕಳಿಗೆ ಅವರೇ ಹೇಳಿಕೊಡೋರು. ಸತ್ಯ ಹೇಳ್ತೀನಿ, ನಾನು ಹೇಳಿದ್ದಕ್ಕಿಂತ ಅವರು ಹೇಳಿದ್ದು ಮಕ್ಕಳ ತಲೇಲಿ ಚೆನ್ನಾಗಿ ಕೂರ್ತಿತ್ತು.

ಒಂದು ವರ್ಷ ಪರೀಕ್ಷೆಗೆ ಹೊರಗಿನಿಂದ ಬಂದ ಎಕ್ಸಾಮಿನರು ವಯಸ್ಸಾದವರು. ತಲೆ ಬೆಳ್ಳಗೆ, ಮೀಸೆ ಮಾತ್ರ ಕಾಡಿಗೆಗಿಂತ ಕಪ್ಪು. ಬ್ಯುರೆಟ್ಟಿನೊಳಗಿನ ಬಾಗು ತೋರಿಸಿ ಒಬ್ಬ ಹುಡುಗಿಯನ್ನ ಕೇಳಿದರು:

"ಇದಕ್ಕೇನಂತಾರಮ್ಮಾ?"

"ಮೀಸೆಕಸ ಸಾರ್."

ನಾನು ಕಿಟಕಿ ಕಡೆ ತಿರುಗಿದೆ.

"ಏನು? ಮೀಸೆನಾ? ಹೋಗಲಿ, ಅಳತೆ ಯಾವ ಅಂಚಲ್ಲಿ ನೋಡ್ತೀಯಾ?"

ಹುಡುಗಿ ಜಾಣೆ. ತಿಳಿ ದ್ರಾವಣಕ್ಕೆ ಕೆಳಗಿನ ಅಂಚು, ಕಡು ಬಣ್ಣದ ದ್ರಾವಣದಲ್ಲಿ ಕೆಳಗಿನದು ಕಾಣೋದಿಲ್ಲವಾದ್ದರಿಂದ ಮೇಲಿನ ಅಂಚು ಅನ್ನೋದು ಅವಳಿಗೆ ಗೊತ್ತಿತ್ತು. ಅವರ ಮುಖವನ್ನೇ ನೇರ ನೋಡ್ತಾ, ಒಂದೇ ಉಸಿರಲ್ಲಿ ಹೇಳಿದಳು:

"ಬಣ್ಣ ಇಲ್ದಿರೋ ಮೀಸೆ ಆದ್ರೆ ಕೆಳಗಡೆ ನೋಡಬೇಕು ಸಾರ್. ಬಣ್ಣ ಹಾಕಿದ್ರೆ ಮೇಲ್ಗಡೆ ನೋಡಿದ್ರೇ ಗೊತ್ತಾಗೋದು."

ಎಕ್ಸಾಮಿನರು ಕರ್ಚೀಫು ತೆಗೆದು ಮೂಗು ಒರೆಸೋ ನೆಪದಲ್ಲಿ ಬಾಯಿ ಮೇಲೆ ಇಟ್ಟುಕೊಂಡರು. ಪೂರ್ತಿ ಮಾರ್ಕ್ಸು ಹಾಕಿ, ಸಂಜೆ ತನಕ ಕರ್ಚೀಫು ತೆಗೆಯಲೇ ಇಲ್ಲ.

೫. ಅಂಗಡಿಯಿಂದ ಬಂದ ದೂರು

ವರ್ಷಗಳು ಉರುಳಿದವು. ಬ್ಯಾಚಿನಲ್ಲಿ ಕೊಸರು ಹಾಕೋರು ಹತ್ತರಿಂದ ಐದಾದರು, ಐದರಿಂದ ಎರಡಾದರು, ಪೂರ್ತಿ ನಿಲ್ಲಲಿಲ್ಲ. ಪ್ರತಿ ಪ್ರಾಕ್ಟಿಕಲ್ ಮುಗಿದಾಗ ಅಟೆಂಡರು ಮೀಸೆ ಮೇಲೆ ಒಮ್ಮೆ ಕೈಯಾಡಿಸಿ "ಇವತ್ತಿಗೂ ಉಳೀತು" ಅನ್ನೋರು. ನನ್ನ ಸರ್ವೀಸಿನ ಕೊನೇ ವರ್ಷ ಬಂತು. ಒಂದು ಬೆಳಿಗ್ಗೆ ಎಣ್ಣೆ ಅಂಗಡಿ ಸಾಹುಕಾರರೊಬ್ಬರು ಸ್ಟಾಫ್ ರೂಮಿಗೆ ಬಂದು ಎದುರಿಗೆ ಕೂತರು. ಅವರ ಮಗ ನಮ್ಮ ವಿದ್ಯಾರ್ಥಿ.

"ಮೇಷ್ಟ್ರೇ, ನಮ್ಮ ಹುಡುಗನಿಗೆ ಏನ್ ಮಾಡಿದ್ರಿ ನೀವು?"

"ಯಾಕ್ರೀ, ಏನಾಯ್ತು?"

"ರಜಾ ದಿನ ಅಂಗಡೀಲಿ ಕೂರಿಸಿದ್ದೆ. ಯಜಮಾನ್ರೊಬ್ರು ಒಂದು ಲೀಟರ್ ಎಣ್ಣೆ ಕೇಳಿದ್ರು. ಇವ್ನು ಅಳತೆ ತುಂಬ್ಸಿ, ಮಂಡಿ ಬಗ್ಗಿಸಿ, ಒಂದು ಕಣ್ಣು ಮುಚ್ಚಿ ನೋಡ್ದ. ಒಂದು ತೊಟ್ಟು ಜಾಸ್ತಿ ಐತೆ ಅಂತ ವಾಪಸ್ ಡಬ್ಬಕ್ಕೆ ಹಾಕ್ದ! ಆಲಿಕೇಲಿ ಅವ್ರ ಬಾಟ್ಲಿಗೆ ಬಿಟ್ಟ ಮೇಲೆ ತುದೀಲಿ ಹನಿ ನಿಂತಿತ್ತು. ಅವ್ರು 'ಅದ್ನೂ ತಟ್ಟಪ್ಪಾ' ಅಂದ್ರು. ಇವ್ನು ಏನಂದ ಗೊತ್ತಾ? 'ಅದು ನಿಮ್ಮದಲ್ಲ ಅಜ್ಜಾ, ಆಲಿಕೇದು' ಅಂದ!"

ನನಗೆ ಎದ್ದು ಕುಣಿಯೋಣ ಅನ್ನಿಸಿತು. ಮುಖ ಗಂಟು ಹಾಕ್ಕೊಂಡು, "ಛೆ ಛೆ" ಅಂದೆ.

"ನಮ್ಮಪ್ಪನ ಕಾಲದ ಗಿರಾಕಿ ಮೇಷ್ಟ್ರೇ ಅವ್ರು. ಎದುರುಗಡೆ ಅಂಗಡಿಗೆ ಹೋಗಿ, ನಾವು ನೋಡ್ಲಿ ಅಂತಾನೇ ಎರಡೆರಡು ಸಲ ಕೊಸರು ಹಾಕಿಸ್ಕೊಂಡ್ರು. ದಮ್ಮಯ್ಯ, ಕಾಲೇಜಲ್ಲಿ ನಿಮ್ಮ ಅಳತೆ, ಅಂಗಡೀಲಿ ನಮ್ಮ ಅಳತೆ ಅಂತ ಅವ್ನಿಗೆ ಒಂದು ಮಾತು ಹೇಳಿ."

"ಆಗಲಿ, ಪರೀಕ್ಷೆ ಮುಗಿದ ಸಂಜೆಗೇ ಹೇಳ್ತೀನಿ" ಅಂದೆ. ಅಷ್ಟರತನಕ ಹೇಳೋಕೆ ನನಗೇನು ಹುಚ್ಚೇ? ನನ್ನ ಮೀಸೆಯ ಪ್ರಶ್ನೆ. ಪಕ್ಕದಲ್ಲಿ ನೀರಿನ ಲೋಟ ಹಿಡಿದು ನಿಂತಿದ್ದ ಅಟೆಂಡರ ಮುಖ ಮೊದಲನೇ ಸಲ ಸಣ್ಣಗಾಯ್ತು. ಸಾಹುಕಾರರು ಹೋದ ಮೇಲೆ ಮೆಲ್ಲಗೆ ಕೇಳಿದರು: "ಸಾರ್, ತೆಗೆಸಿದ್ರೆ ಮತ್ತೆ ಬರೋಕೆ ಎಷ್ಟು ದಿನ ಹಿಡೀತದೆ?"

೬. ಕೊನೆಯ ಹನಿ

ನನ್ನ ಸರ್ವೀಸಿನ ಕೊನೇ ಪ್ರಾಕ್ಟಿಕಲ್ ಪರೀಕ್ಷೆ, ಕೊನೇ ಬ್ಯಾಚು. ಹನ್ನೆರಡು ಮಕ್ಕಳು. ಅವರಲ್ಲಿ ಸಾಹುಕಾರರ ಮಗನೂ ಇದ್ದ. ಹಿಂದಿನ ದಿನವೇ ಅವರನ್ನ ಕೂರಿಸಿ, "ಮಕ್ಕಳೇ, ನಾಳೆ ಒಂದು ದಿನ ಕೊಸರು ಬೇಡ. ಜಿಪುಣರು ಅಂತ ಯಾರಾದ್ರೂ ಅಂದ್ರೆ ನಾನು ನೋಡ್ಕೊಳ್ತೀನಿ" ಅಂದಿದ್ದೆ. ಬೆಳಿಗ್ಗೆ ಬೇಗ ಹೋಗಿ, ಅವರೆಲ್ಲ ಅಳೆಯಬೇಕಾದ ದ್ರಾವಣವನ್ನ ಒಂದು ಲೀಟರಿನ ಫ್ಲಾಸ್ಕಿನಲ್ಲಿ ನಾನೇ ತಯಾರಿಸಿದೆ. ಯಾರ ಕೈಗೂ ಕೊಡಲಿಲ್ಲ. ಹನ್ನೆರಡು ಮಕ್ಕಳು, ಒಬ್ಬೊಬ್ಬರೂ ಮೂರು ಮೂರು ಸಲ ತಗೋಬೇಕು, ಯಾರಾದರೂ ಚೆಲ್ಲಿಕೊಂಡರೆ ಎಲ್ಲಿ ಸಾಲದೆ ಹೋಗುತ್ತೋ ಅನ್ನೋ ದಿಗಿಲು ಬೇರೆ. ಅಟೆಂಡರು ಪಕ್ಕದಲ್ಲೇ ಪಿಪೆಟ್ ತೊಳೀತಾ ಇದ್ದರು. ಉತ್ತರ ಇಪ್ಪತ್ತು ಬರಬೇಕು ಅಂತ ಲೆಕ್ಕ ಹಾಕಿ ಚೀಟಿಯಲ್ಲಿ ಬರೆದು ಎಕ್ಸಾಮಿನರ್ ಮೇಡಂಗೆ ಕೊಟ್ಟೆ. ಮೇಡಂ ಕರಾವಳಿ ಕಡೆಯವರು, ಚಿಕ್ಕ ವಯಸ್ಸು, ಭಾರೀ ಖಡಕ್ಕು.

ಪರೀಕ್ಷೆ ಶುರುವಾಯ್ತು. ಅಟೆಂಡರು ಬಸ್ಸಿನ ಕಂಡಕ್ಟರ್ ಥರ ಬಾಗಿಲಲ್ಲಿ ನಿಂತು ಒಂದೊಂದು ಪಿಪೆಟ್ಟನ್ನೂ ನೋಡ್ತಿದ್ದರು. ಒಬ್ಬಳು ಬಿಟ್ಟಳು, ತುದಿಯ ಹನಿ ಉಳಿಸಿ ಕೈ ಎತ್ತಿದಳು. ಎರಡನೆಯವನು, ಮೂರನೆಯವಳು, ಹೀಗೇ ಹನ್ನೊಂದು ಜನ. ಉಳಿದವನು ಸಾಹುಕಾರರ ಮಗ. ಅವನ ಪಿಪೆಟ್ ಮೂರನೇ ಸಲ ಖಾಲಿಯಾಗಿ ತುದಿಯಲ್ಲಿ ಒಂದು ಹನಿ ತೂಗಾಡ್ತಾ ಇತ್ತು. ಅವನ ಬಾಯಿ ಗುಂಡಗಾಯ್ತು. ನನ್ನ ಜೀವ ಬಾಯಿಗೆ ಬಂತು. ಅಟೆಂಡರು ಒಂದು ಹೆಜ್ಜೆ ಮುಂದಿಟ್ಟರು. ಹುಡುಗ 'ಉಫ್' ಅಂತ ಹಣೆ ಮೇಲಿನ ಕೂದಲು ಊದಿಕೊಂಡು, ಪಿಪೆಟ್‌ನ ತುದಿಯನ್ನ ಫ್ಲಾಸ್ಕಿನ ಗೋಡೆಗೆ ತಾಗಿಸಿ, ಮನಸ್ಸಲ್ಲೇ ಹದಿನೈದು ಎಣಿಸಿ, ಹನಿ ಸಮೇತ ಎತ್ತಿ ಅಟೆಂಡರಿಗೆ ತೋರಿಸಿದ: "ಉಳಿದೈತೆ ನೋಡಣ್ಣ!"

ನಾನು ಮೀಸೆ ತಿರುವಿದೆ. ಎಷ್ಟು ವರ್ಷದ ಆಸೆ! ಅಟೆಂಡರು ತಮ್ಮ ಮೀಸೆಯ ಎರಡೂ ತುದಿ ಮುಟ್ಟಿಕೊಂಡರು, ಊರಿಗೆ ಹೊರಟ ಮಗಳ ತಲೆ ಸವರೋ ಹಾಗೆ.

ಪರೀಕ್ಷೆ ಮುಗಿದು ಸ್ವಲ್ಪ ಹೊತ್ತಿಗೆ ಮೇಡಂ ಉತ್ತರ ಪತ್ರಿಕೆಗಳನ್ನ ಹಿಡಿದು ಬಂದರು. ಮುಖ ಕೆಂಪಗಿತ್ತು.

"ಸಾರ್, ನಿಮ್ಮ ಚೀಟಿಯಲ್ಲಿ ಇಪ್ಪತ್ತು. ಹನ್ನೆರಡೂ ಮಕ್ಕಳು ಹತ್ತೊಂಬತ್ತು ಪಾಯಿಂಟ್ ಎಂಟು ಬರೆದಿದ್ದಾರೆ. ಹನ್ನೆರಡು ಜನಕ್ಕೂ ಒಂದೇ ತಪ್ಪು ಹೇಗೆ ಬರುತ್ತೆ? ಒಬ್ಬರು ಮಾಡಿದ್ದಾರೆ, ಉಳಿದವರು ಕಾಪಿ ಹೊಡೆದಿದ್ದಾರೆ. ನಾನು ಮಾರ್ಕ್ಸ್ ಕೊಡೋದಿಲ್ಲ, ರಿಪೋರ್ಟ್ ಬರೀತೇನೆ."

ಮಕ್ಕಳ ಮುಖ ಬಿಳಿಚಿಕೊಂಡಿತು. ಸಾಹುಕಾರರ ಮಗ "ಸಾರ್, ದೇವ್ರಾಣೆ ನಾನು ಮೀಸೆ ನೋಡ್ಕೊಂಡೇ ಬರೆದೆ" ಅಂತ ಅಳೋ ಹಂಗಾದ. ನನಗೆ ತಲೆ ಓಡಲಿಲ್ಲ. ಹನ್ನೆರಡು ಜನರ ಕೈ ಒಂದೇ ಸಮ ತಪ್ಪೋಕೆ ಸಾಧ್ಯವೇ? ಹಾಗಾದರೆ ತಪ್ಪು ಕೈಗಳಲ್ಲಿಲ್ಲ, ದ್ರಾವಣದಲ್ಲೇ ಇದೆ. ದ್ರಾವಣ ಒಂದು ಚೂರು ತೆಳ್ಳಗಾಗಿದೆ. ಅಂದರೆ ನೀರು ಹೆಚ್ಚಾಗಿದೆ. ಅಂದರೆ...

ಅಟೆಂಡರನ್ನ ನೋಡಿದೆ. ಅವರು ಫ್ಯಾನು ನೋಡ್ತಿದ್ದರು.

ಬೆಳಿಗ್ಗೆ ಆಗಿದ್ದು ಆಗ ಕಣ್ಣಿಗೆ ಬಂತು. ಗೀಟಿನ ತನಕ ನೀರು ತುಂಬಿದ್ದೆ. ತಲೆ ಬಗ್ಗಿಸಿ, ಕೆಳಗಿನ ಅಂಚು ನೋಡಿ, ಸರಿಯಾಗಿದೆ ಅಂದಿದ್ದೆ. ಆಮೇಲೆ 'ಪಾಪ, ಮಕ್ಕಳಿಗೆ ಸಾಲದೇ ಹೋದರೆ' ಅಂತ ಗೀಟಿನ ಮೇಲೆ ಇನ್ನೂ ಎರಡು ಬೆರಳು ನೀರು ಬಿಟ್ಟಿದ್ದೆ! ನನ್ನ ಕೈಯೇ ಬಿಟ್ಟಿತ್ತು, ನನ್ನನ್ನ ಒಂದು ಮಾತೂ ಕೇಳದೆ.

ಸುಮ್ಮನಿದ್ದರೆ ಮೀಸೆ ಉಳೀತಿತ್ತು. ಹನ್ನೆರಡು ಮಕ್ಕಳು ಮುಳುಗ್ತಿದ್ದರು.

"ಮೇಡಂ, ಮಕ್ಕಳದೇನೂ ತಪ್ಪಿಲ್ಲ. ಅವರ ಅಳತೆ ಅಪ್ಪಟ. ದ್ರಾವಣಕ್ಕೆ ಕೊಸರು ಬಿದ್ದಿದೆ. ಹಾಕಿದವನು ನಾನೇ."

ಮೇಡಂ ಹುಬ್ಬು ಗಂಟಿಕ್ಕಿದರು. "ಕೊಸರಾ? ಅದು ಯಾವ ಕೆಮಿಕಲ್ ಸಾರ್?"

ನನ್ನ ಬಾಯಿಂದ ಮಾತು ಹೊರಡುವ ಮುಂಚೆ ಅಟೆಂಡರೇ ಹೇಳಿದರು: "ಅದು ಈ ಊರಿನ ಕೆಮಿಕಲ್ಲು ಮೇಡಂ. ಮುಟ್ಟಿದೋರ ಕೈಯಿಂದ ಹೋಗಂಗಿಲ್ಲ. ಸಾರ್ ಕೈಗೆ ಯಾವತ್ತೋ ಹತ್ತೈತೆ."

ಮೇಡಂ ಉಳಿದ ದ್ರಾವಣದಿಂದ ಖುದ್ದು ಇಪ್ಪತ್ತು ಎಂ.ಎಲ್. ತೆಗೆದು ಮಾಡಿ ನೋಡಿದರು. ಅವರಿಗೂ ಹತ್ತೊಂಬತ್ತು ಪಾಯಿಂಟ್ ಎಂಟೇ ಬಂತು. ನಕ್ಕುಬಿಟ್ಟರು. ನನ್ನ ಚೀಟಿಯಲ್ಲಿದ್ದ ಇಪ್ಪತ್ತನ್ನ ಹೊಡೆದು ಹಾಕಿ, ಹನ್ನೆರಡು ಮಕ್ಕಳಿಗೂ ಪೂರ್ತಿ ಮಾರ್ಕ್ಸು ಕೊಟ್ಟರು. ಮಕ್ಕಳು ಹೋ ಅಂತ ಕೂಗಿದ್ದು ಬಸ್ ಸ್ಟ್ಯಾಂಡ್ ತನಕ ಕೇಳಿಸಿರಬೇಕು.

ಲ್ಯಾಬು ಖಾಲಿಯಾದ ಮೇಲೆ ಅಟೆಂಡರು ಹತ್ತಿರ ಬಂದರು. "ಸಾರ್, ಬೆಳಿಗ್ಗೆ ನೀವು ಬಿಟ್ಟಾಗ್ಲೇ ನೋಡಿದ್ದೆ. ಹೋಗೋ ವರ್ಷ, ಗೆದ್ದೆ ಅಂದ್ಕೊಂಡು ಹೋಗ್ಲಿ ಅಂತ ಸುಮ್ನಿದ್ದೆ. ಬಿಡಿ ಸಾರ್, ಮೀಸೆ ಗೀಸೆ ಎಲ್ಲ ತಮಾಷೆಗೆ ಅಂದಿದ್ದು."

ನಾನು ಮೀಸೆ ಒಮ್ಮೆ ಮುಟ್ಟಿಕೊಂಡೆ. "ಇಲ್ಲಪ್ಪ, ಅಳತೆ ಅಂದ್ರೆ ಅಳತೆ. ಮಾತು ಅಂದ್ರೆ ಮಾತು."

"ಹಂಗಂದ್ರೆ ನಡೀರಿ ಸಾರ್, ಅಂಗಡಿ ಮುಚ್ಚಿಬಿಡ್ತಾನೆ" ಅಂದರು, ನನ್ನ ಚಪ್ಪಲಿ ತಿರುಗಿಸಿ ಇಡ್ತಾ.

ಕ್ಷೌರದ ಅಂಗಡಿಯವನು ನನ್ನ ಹಳೇ ವಿದ್ಯಾರ್ಥಿ. ಕತೆ ಪೂರ್ತಿ ಕೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕು, ಕತ್ತಿಗೆ ಹೊಸ ಬ್ಲೇಡು ಹಾಕಿದ. ಅಟೆಂಡರು ಪಕ್ಕದಲ್ಲಿ ಮಂಡಿ ಬಗ್ಗಿಸಿ, ಒಂದು ಕಣ್ಣು ಮುಚ್ಚಿ, ನನ್ನ ಮೂಗಿನ ಮಟ್ಟಕ್ಕೆ ನಿಂತು, "ಬಣ್ಣ ಇಲ್ಲ ಕಣಯ್ಯ, ಕೆಳಗಿನ ಅಂಚಿಂದ ಶುರು ಮಾಡು" ಅಂತ ಸಲಹೆ ಕೊಟ್ಟರು. ಎರಡೇ ನಿಮಿಷ. ಕನ್ನಡಿಯಲ್ಲಿ ಯಾರೋ ಅಪರಿಚಿತ ನನ್ನನ್ನ ನೋಡಿ ನಗ್ತಾ ಇದ್ದ.

ಏಳೋಕೆ ಹೊರಟೆ. ಶಿಷ್ಯ ಹೆಗಲ ಮೇಲೆ ಕೈಯಿಟ್ಟು ಕೂರಿಸಿದ. ಕತ್ತಿ ಇನ್ನೂ ಕೈಯಲ್ಲೇ ಇತ್ತು.

"ಸಾರ್, ಬರೀ ಮೀಸೆ ತೆಗೆದು ಕಳಿಸಿದ್ರೆ ಏನ್ ಚೆನ್ನಾಗಿರ್ತದೆ? ಪಾಠ ಹೇಳಿದ ಗುರುಗಳು ನೀವು. ಕೊಸರಿಗೆ ಒಂದು ಹುಬ್ಬೂ ಎಳೆದುಬಿಡ್ಲಾ?"

ಎರಡು ಕೈಯಲ್ಲೂ ಎರಡು ಹುಬ್ಬು ಹಿಡ್ಕೊಂಡು, ಹೆಗಲ ಮೇಲಿನ ಬಟ್ಟೆ ಸಮೇತ ಬೀದಿಗೆ ಹಾರಿದೆ.